ಕರುಳಿಗೆ ತಂಪು: ಮಕ್ಕಳನ್ನು ಕಳಕೊಂಡವರಿಗಾಗಿ ಬರೆದ ಗ್ರಂಥಗಳ ಇತಿಹಾಸ

ಇಬ್ನು ಬತೂತ ಎಂಬ ಹೆಸರು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೇಶ ದೇಶಗಳನ್ನು ಸುತ್ತಿದ ಒಬ್ಬ ಪ್ರವಾಸಿಗನ ಚಿತ್ರ. ಹೊನ್ನಾವರದಲ್ಲಿ ಹೆಣ್ಣು ಮಕ್ಕಳಿಗೆ 13 ಮತ್ತು ಗಂಡು ಮಕ್ಕಳಿಗೆ 23 ಪಾಠಶಾಲೆಗಳಿದ್ದುವು ಎಂದು ಬರೆದಿಟ್ಟವನು ಅವನೇ. ಕರಾವಳಿಯ ಇತಿಹಾಸ ಬರೆಯುವವರು ಆ ಮಾತನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಆದರೆ ಅದೇ ಪ್ರವಾಸ ಕಥನದೊಳಗೆ ಮಕ್ಕಳನ್ನು ಕಳಕೊಂಡ ಒಬ್ಬ ತಂದೆಯೂ ಇದ್ದಾನೆ. ಅವನ ಕಡೆ ನಮ್ಮ ದೃಷ್ಟಿ ಹೋಗುವುದು ಕಡಿಮೆ.

1326ರಲ್ಲಿ ಡಮಾಸ್ಕಸ್ ಬಿಟ್ಟು ಹೊರಟಾಗ ಅವನ ಪತ್ನಿ ಅಲ್ಲಿ ಗರ್ಭಿಣಿಯಾಗಿದ್ದಳು. ಗಂಡು ಮಗು ಹುಟ್ಟಿದೆ ಎಂಬ ಸುದ್ದಿ ಅವನಿಗೆ ಸಿಕ್ಕಿದ್ದು ಭಾರತದಲ್ಲಿದ್ದಾಗ. ಮಗುವಿಗಾಗಿ ಅವನು 40 ಚಿನ್ನದ ದೀನಾರ್ ಕಳಿಸಿದ. 1348ರಲ್ಲಿ, ಅಂದರೆ ಇಪ್ಪತ್ತೆರಡು ವರ್ಷಗಳ ನಂತರ, ಅವನು ಡಮಾಸ್ಕಸ್ಸಿಗೆ ಮರಳಿದ. ಮಸೀದಿಯಲ್ಲಿ ಪರಿಚಯದ ಇಮಾಮರನ್ನು ಕಂಡು ಮಗನ ಬಗ್ಗೆ ವಿಚಾರಿಸಿದ. ಹುಡುಗ ತೀರಿಹೋಗಿ ಹನ್ನೆರಡು ವರ್ಷಗಳಾದುವು ಎಂಬ ಉತ್ತರ ಬಂತು. ತಾನು ಒಮ್ಮೆಯೂ ಮುಖ ನೋಡದ ಮಗನ ಸಾವಿನ ಸುದ್ದಿಯನ್ನು ಅವನು ಕೇಳಿದ್ದು ಹೀಗೆ.

ಇದಕ್ಕಿಂತ ಮೊದಲು ದೆಹಲಿಯಲ್ಲಿ ಅವನ ಒಂದು ವರ್ಷವೂ ತುಂಬದ ಮಗಳು ತೀರಿಕೊಂಡಿದ್ದಳು. ಆಗ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್ ರಾಜಧಾನಿಯಲ್ಲಿರಲಿಲ್ಲ. ವಝೀರರೇ ದಫನದ ಏರ್ಪಾಡು ಮಾಡಿಸಿದರು. ಮೂರನೆಯ ದಿನ ಬೆಳಗ್ಗೆ ಗೋರಿಯ ಸುತ್ತ ಹಾಸು ಹಾಸಿ, ಹೂವು ಇಟ್ಟು, ಜನ ಕುಳಿತು ಕುರ್‌ಆನ್ ಓದಿದರು. ಬಂದವರಿಗೆ ಪನ್ನೀರು ಚಿಮುಕಿಸಿ ಎಲೆ ಅಡಿಕೆ ಕೊಟ್ಟರು. ಸುಲ್ತಾನರ ತಾಯಿ ಮಗುವಿನ ತಾಯಿಯನ್ನು ಕರೆಸಿಕೊಂಡು, ತನ್ನಲ್ಲಿ ಉಳಿಸಿಕೊಂಡು, ಉಡುಗೊರೆ ಕೊಟ್ಟು ಕಳಿಸಿದರು. ಪರದೇಶದಿಂದ ಬಂದವನೊಬ್ಬನ ಎಳೆಗೂಸು ತೀರಿಕೊಂಡಾಗ ಒಂದು ಊರು ನಡೆದುಕೊಂಡ ಬಗೆ ಇದು. ಇಬ್ನು ಬತೂತ ಅದನ್ನು ಮರೆಯಲಿಲ್ಲ. ಎಷ್ಟೋ ವರ್ಷಗಳ ನಂತರ, ಮೊರಾಕ್ಕೋದಲ್ಲಿ ಕುಳಿತು ತನ್ನ ಕಥನವನ್ನು ಹೇಳಿ ಬರೆಸುವಾಗ ಆ ದಿನದ ಹೂವುಗಳನ್ನು ಕೂಡ ನೆನಪಿಸಿಕೊಂಡ.

ದುಃಖದಲ್ಲಿರುವವರ ಜೊತೆ ಸಮಾಜ ಹೇಗೆ ನಿಲ್ಲಬೇಕು ಎಂಬುದಕ್ಕೂ ಒಂದು ಇತಿಹಾಸವಿದೆ. ಯುದ್ಧ, ಸಿಂಹಾಸನಗಳ ಇತಿಹಾಸದಷ್ಟು ಅದು ಪ್ರಸಿದ್ಧವಲ್ಲ. ಮುಸ್ಲಿಮ್ ಜಗತ್ತಿನಲ್ಲಿ ಈ ಇತಿಹಾಸದ ಒಂದು ಅಪೂರ್ವ ಅಧ್ಯಾಯ 14 ಮತ್ತು 15ನೆಯ ಶತಮಾನಗಳ ಈಜಿಪ್ಟ್ ಮತ್ತು ಸಿರಿಯಾಗಳಲ್ಲಿ ರಚನೆಯಾಯಿತು. ಮಕ್ಕಳನ್ನು ಕಳಕೊಂಡ ತಂದೆ ತಾಯಿಯರಿಗೆಂದೇ ಅಲ್ಲಿ ಒಂದರ ಹಿಂದೆ ಒಂದು ಗ್ರಂಥಗಳು ಬಂದುವು.

ಮಹಾಮಾರಿಯ ಕಾಲ

1347ರ ಶರತ್ಕಾಲದಲ್ಲಿ ಅಲೆಕ್ಸಾಂಡ್ರಿಯಾ ಬಂದರಿನ ಮೂಲಕ ಪ್ಲೇಗ್ ಈಜಿಪ್ಟನ್ನು ಹೊಕ್ಕಿತು. ಮರುವರ್ಷ ಅದು ಕೈರೋ, ಗಾಝಾ, ಡಮಾಸ್ಕಸ್‌ಗಳನ್ನು ಆವರಿಸಿತು. ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗ ಅಳಿದಿರಬೇಕೆಂದು ಇತಿಹಾಸಕಾರರ ಅಂದಾಜು. 1348ರ ಜುಲೈಯಲ್ಲಿ ಡಮಾಸ್ಕಸ್‌ನ ಜನ ಮೂರು ದಿನ ಉಪವಾಸ ಆಚರಿಸಿ, ಬರಿಗಾಲಲ್ಲಿ, ನಗರದ ಹೊರಗಿನ ಮಸೀದಿಯೊಂದಕ್ಕೆ ನಡೆದರು. ಮುಸ್ಲಿಮರು ಕುರ್‌ಆನ್ ಹಿಡಿದು, ಯಹೂದಿಗಳು ತೋರಾ ಹಿಡಿದು, ಕ್ರೈಸ್ತರು ಇಂಜೀಲ್ ಹಿಡಿದು ಒಟ್ಟಾಗಿ ಹೆಜ್ಜೆ ಹಾಕಿದರು. ಹೆಂಗಸರೂ ಮಕ್ಕಳೂ ಅದರಲ್ಲಿದ್ದರು. ಇದನ್ನು ಕಣ್ಣಾರೆ ಕಂಡು ದಾಖಲಿಸಿದವನೂ ಇಬ್ನು ಬತೂತನೇ.

ಆದರೆ ಪ್ಲೇಗ್ ಒಮ್ಮೆ ಬಂದು ಹೋಗುವ ಅತಿಥಿಯಾಗಿರಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಅದು ಮರಳಿ ಬರುತ್ತಿತ್ತು. ಹಾಗೆ ಮರಳಿ ಬಂದಾಗಲೆಲ್ಲ ಅತಿ ಹೆಚ್ಚು ಬಲಿಯಾಗುತ್ತಿದ್ದವರು ಮಕ್ಕಳು. ಒಂದೇ ವಾರದಲ್ಲಿ ತೊಟ್ಟಿಲುಗಳು ಬರಿದಾದ ಮನೆಗಳಿದ್ದುವು. ವಿದ್ವಾಂಸರ ಮನೆಗಳೂ ಇದಕ್ಕೆ ಹೊರತಾಗಿರಲಿಲ್ಲ.

ಸಹೀಹುಲ್ ಬುಖಾರಿಗೆ ಬೃಹತ್ ವ್ಯಾಖ್ಯಾನ ಬರೆದ ಇಬ್ನು ಹಜರ್ ಅಲ್ ಅಸ್ಖಲಾನಿಯವರ ಹೆಸರು ನಮ್ಮ ಮದ್ರಸಾಗಳ ವಿದ್ಯಾರ್ಥಿಗಳಿಗೆಲ್ಲ ಗೊತ್ತು. 1416ರ ಪ್ಲೇಗ್‌ನಲ್ಲಿ ಅವರ ಇಬ್ಬರು ಪುತ್ರಿಯರು, ಫಾತಿಮಾ ಮತ್ತು ಆಲಿಯಾ, ತೀರಿಕೊಂಡರು. ಆಗ ಅವರು ಪ್ಲೇಗ್ ಕುರಿತ ಒಂದು ಗ್ರಂಥ ಬರೆಯಲು ತೊಡಗಿದರು. ಅದು ಮುಗಿದದ್ದು 1430ರ ಪ್ಲೇಗ್‌ನ ಸಂದರ್ಭದಲ್ಲಿ. ಆ ಸಲ ಅವರ ಹಿರಿಯ ಮಗಳು ಝೈನ್ ಖಾತೂನ್ ತೀರಿಕೊಂಡರು. ಆಕೆ ಗರ್ಭಿಣಿಯಾಗಿದ್ದರು. ಒಂದೇ ಗೋರಿಯಲ್ಲಿ ಮಗಳನ್ನೂ ಹುಟ್ಟಲಿದ್ದ ಮೊಮ್ಮಗುವನ್ನೂ ಮಣ್ಣು ಮಾಡಿದ ಮನುಷ್ಯ ಆ ಗ್ರಂಥದ ಕೊನೆಯ ಪುಟಗಳನ್ನು ಬರೆದರು ಎಂಬುದನ್ನು ನೆನಪಿಟ್ಟು ಓದಿದರೆ ಅದರ ತೂಕವೇ ಬೇರೆಯಾಗುತ್ತದೆ.

ಸಾಂತ್ವನದ ಗ್ರಂಥಗಳು

ಸಾಂತ್ವನದ ಸಾಹಿತ್ಯ ಅರಬಿಯಲ್ಲಿ ಅದಕ್ಕೂ ಹಿಂದಿನಿಂದಲೇ ಇತ್ತು. 9ನೆಯ ಶತಮಾನದಲ್ಲಿ ಅಲ್ ಮದಾಇನಿ ಸಂತಾಪದ ಮಾತುಗಳನ್ನು ಸಂಗ್ರಹಿಸಿದ್ದರು. ಅದೇ ಶತಮಾನದ ತತ್ವಜ್ಞಾನಿ ಅಲ್ ಕಿಂದಿ ದುಃಖ ನಿವಾರಣೆಯ ಉಪಾಯಗಳ ಬಗ್ಗೆ ಒಂದು ಕಿರು ಗ್ರಂಥ ಬರೆದಿದ್ದರು. ಬಲ್ಖ್ ನಗರದ ಅಬೂ ಝೈದ್ ಅಲ್ ಬಲ್ಖೀ (ಮರಣ 934) ಶರೀರ ಮತ್ತು ಮನಸ್ಸುಗಳ ಆರೋಗ್ಯದ ಕುರಿತು ಬರೆದ ಗ್ರಂಥದಲ್ಲಿ ದುಃಖವನ್ನು ಎರಡಾಗಿ ವಿಂಗಡಿಸಿದರು. ಒಂದು, ಪ್ರೀತಿಪಾತ್ರರನ್ನೋ ವಸ್ತುವನ್ನೋ ಕಳಕೊಂಡು ಬಂದ, ಕಾರಣ ಗೊತ್ತಿರುವ ದುಃಖ. ಇನ್ನೊಂದು, ಕಾರಣವೇ ಗೊತ್ತಾಗದೆ ಮನಸ್ಸನ್ನು ಮುತ್ತುವ ಖಿನ್ನತೆ. ಎರಡನೆಯದರ ಬೇರು ಶರೀರದಲ್ಲಿದೆ, ಅದಕ್ಕೆ ಶರೀರದ ಚಿಕಿತ್ಸೆ ಬೇಕು ಎಂದರು. ಮೊದಲನೆಯದಕ್ಕೆ ಮಾತೇ ಮದ್ದು, ಹಿತವಚನವೇ ಔಷಧ ಎಂಬುದು ಅವರ ನಿಲುವು. ಸಾವಿರ ವರ್ಷಗಳ ಹಿಂದಿನ ಈ ವಿಂಗಡಣೆ ಇಂದಿನ ಮನೋವೈದ್ಯರನ್ನೂ ಅಚ್ಚರಿಗೊಳಿಸಿದೆ.

ಪ್ಲೇಗ್‌ನ ಕಾಲದಲ್ಲಿ ಈ ಸಾಹಿತ್ಯಕ್ಕೆ ಒಂದು ಹೊಸ ತಿರುವು ಸಿಕ್ಕಿತು. ಸಾಂತ್ವನದ ಕೇಂದ್ರಕ್ಕೆ ಮಗು ಬಂತು. ಅಲ್ಜೀರಿಯಾದ ತ್ಲೆಮ್ಸಾನ್‌ನಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನು ಅಬೀ ಹಜಲಾ (1325–1375) ಎಂಬ ಸಾಹಿತಿಯಿದ್ದರು. ಪ್ರೇಮದ ಕುರಿತು ಬರೆದವರು, ಚದುರಂಗದ ಆಟದ ಬಗ್ಗೆ ಗ್ರಂಥ ರಚಿಸಿದವರು. 1360ರ ದಶಕದ ಪ್ಲೇಗ್‌ನಲ್ಲಿ ಅವರ ಮಗ ತೀರಿಕೊಂಡ. ಆ ಬಳಿಕ ಅವರ ಲೇಖನಿ ಬೇರೆ ದಾರಿ ಹಿಡಿಯಿತು. ಮಕ್ಕಳ ಮರಣದಿಂದ ದುಃಖಿತರಾದವರಿಗೆ ಸಮಾಧಾನ ಎಂಬ ಅರ್ಥದ 'ಸಲ್ವತುಲ್ ಹಝೀನ್ ಫೀ ಮೌತಿಲ್ ಬನೀನ್' ಅವರದೇ ಕೃತಿ. ಕೊನೆಗೆ 1375ರಲ್ಲಿ ಅವರೂ ಪ್ಲೇಗ್‌ಗೆ ಬಲಿಯಾದರು.

ಸಿರಿಯಾದ ಹಂಬಲಿ ವಿದ್ವಾಂಸ ಅಲ್ ಮನ್ಬಿಜಿ ಅದೇ 1370ರ ದಶಕದಲ್ಲಿ ಸಂಕಷ್ಟಕ್ಕೀಡಾದವರಿಗಾಗಿ 'ತಸ್ಲಿಯತು ಅಹ್ಲಿಲ್ ಮಸಾಇಬ್' ಎಂಬ ಗ್ರಂಥ ಬರೆದರು. ಡಮಾಸ್ಕಸ್‌ನ ಇಬ್ನು ನಾಸಿರುದ್ದೀನ್ (1375–1438) ಬರೆದ ಪುಸ್ತಕದ ಹೆಸರು 'ಬರ್ದುಲ್ ಅಕ್‌ಬಾದ್'. ಇಬ್ನು ಹಜರ್‌ರ ಶಿಷ್ಯ ಅಸ್ಸಖಾವಿ (1427–1497) 'ಇರ್ತಿಯಾಹುಲ್ ಅಕ್‌ಬಾದ್' ಬರೆದರು. ನೂರಾರು ಕೃತಿಗಳ ಕರ್ತೃ ಜಲಾಲುದ್ದೀನ್ ಸುಯೂತಿ (1445–1505) ಕೂಡ ಮಗುವನ್ನು ಕಳಕೊಂಡವರ ಸಹನೆಯ ಶ್ರೇಷ್ಠತೆಯ ಬಗ್ಗೆ ಒಂದು ಕಿರುಹೊತ್ತಗೆ ರಚಿಸಿದರು.

ಇವುಗಳ ಪೈಕಿ ಎರಡು ಹೆಸರುಗಳಲ್ಲಿ 'ಅಕ್‌ಬಾದ್' ಎಂಬ ಪದ ಇರುವುದನ್ನು ಓದುಗರು ಗಮನಿಸಬೇಕು. ಅದರ ಅರ್ಥ ಯಕೃತ್ತುಗಳು, ಪಿತ್ತಜನಕಾಂಗಗಳು. ಅರಬರ ಪಾಲಿಗೆ ವಾತ್ಸಲ್ಯವೂ ಸಂಕಟವೂ ನೆಲೆಸಿರುವ ಅಂಗ ಅದು. ಕನ್ನಡದಲ್ಲಿ ನಾವು ಮಗುವನ್ನು ಕರುಳ ಕುಡಿ ಎನ್ನುತ್ತೇವೆ, ಕರುಳು ಚುರುಕ್ ಎಂದಿತು ಎನ್ನುತ್ತೇವೆ. ಆದ್ದರಿಂದ 'ಬರ್ದುಲ್ ಅಕ್‌ಬಾದ್' ಅನ್ನು ಕನ್ನಡಕ್ಕೆ ತರುವುದಾದರೆ 'ಕರುಳಿಗೆ ತಂಪು' ಎಂದೇ ಹೇಳಬೇಕು. ಉರಿ ಆರಿಹೋಗುತ್ತದೆ ಎಂದು ಆ ಹೆಸರು ಹೇಳುವುದಿಲ್ಲ. ಉರಿಯುವ ಜಾಗಕ್ಕೆ ಒಂದಿಷ್ಟು ತಂಪು ಎರೆಯುತ್ತೇನೆ ಎನ್ನುತ್ತದೆ, ಅಷ್ಟೆ.

ಇಲ್ಲಿ ಸಖಾವಿಯವರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಹಿಜರಿ 9ನೆಯ ಶತಮಾನದ ಗಣ್ಯರ ಜೀವನ ಚರಿತ್ರೆಗಳ ಬೃಹತ್ ಕೋಶವೊಂದನ್ನು ಅವರು ಬರೆದಿದ್ದಾರೆ. ಅದರ ಕೊನೆಯ ಸಂಪುಟ ಪೂರ್ತಿಯಾಗಿ ಮಹಿಳೆಯರಿಗೆ ಮೀಸಲು. ಸಾವಿರಕ್ಕೂ ಹೆಚ್ಚು ಮಹಿಳೆಯರ ಬದುಕು ಅದರಲ್ಲಿದೆ. ಅದೇ ಕೋಶದಲ್ಲಿ ಬೀದರಿನ ಮಂತ್ರಿ, ಅಲ್ಲಿನ ಪ್ರಸಿದ್ಧ ಮದ್ರಸಾ ಕಟ್ಟಿಸಿದ ಮಹಮೂದ್ ಗವಾನರ ಪರಿಚಯವೂ ಇದೆ. 1481ರಲ್ಲಿ ಸುಳ್ಳು ಆರೋಪದ ಮೇಲೆ ಕೊಲ್ಲಲ್ಪಟ್ಟ ಗವಾನರ ಬಗ್ಗೆ ಸಮಕಾಲೀನ ಮಾಹಿತಿ ಬಿಟ್ಟುಹೋದವರಲ್ಲಿ ಸಖಾವಿ ಒಬ್ಬರು. ಕೈರೋದ ವಿದ್ವಾಂಸನೊಬ್ಬನಿಗೆ ಬೀದರ್ ಎಷ್ಟು ಹತ್ತಿರವಿತ್ತು ಎಂಬುದಕ್ಕೆ ಇದು ಸಾಕ್ಷಿ.

ಅಳು ಮತ್ತು ಸಹನೆ

ಈ ಗ್ರಂಥಗಳಲ್ಲಿ ಏನಿದೆ? ಕುರ್‌ಆನ್‌ನ ಸೂಕ್ತಗಳು, ಹದೀಸ್‌ಗಳು, ಹಿಂದಿನವರ ಪ್ರಸಂಗಗಳು, ಶೋಕಗೀತೆಗಳು ಇವೆ. ಸಹನೆ ಅವುಗಳ ಮುಖ್ಯ ಪಾಠ. ಮಗುವನ್ನು ಕೊಟ್ಟವನೇ ಮರಳಿ ಪಡೆದಿದ್ದಾನೆ, ಸಹಿಸಿಕೊಂಡವರಿಗೆ ಪ್ರತಿಫಲವಿದೆ ಎಂಬ ಭರವಸೆ ಪುಟ ಪುಟದಲ್ಲೂ ಕಾಣುತ್ತದೆ. ಆದರೆ ಸಹನೆ ಎಂದರೆ ಕಣ್ಣೀರು ಹಾಕದಿರುವುದು ಎಂದು ಈ ಗ್ರಂಥಕರ್ತರು ಹೇಳುವಂತಿರಲಿಲ್ಲ. ಅವರು ಆಧಾರವಾಗಿಟ್ಟುಕೊಂಡ ಪ್ರವಾದಿಚರ್ಯೆಯೇ ಅದಕ್ಕೆ ಅಡ್ಡ ಬರುತ್ತಿತ್ತು.

ಪ್ರವಾದಿ ಮುಹಮ್ಮದ್(ಸ)ರ ಪುತ್ರರಾದ ಕಾಸಿಮ್ ಮತ್ತು ಅಬ್ದುಲ್ಲಾ ಶೈಶವದಲ್ಲೇ ತೀರಿಕೊಂಡಿದ್ದರು. ನಾಲ್ವರು ಪುತ್ರಿಯರಲ್ಲಿ ಮೂವರು ಅವರ ಜೀವಿತಕಾಲದಲ್ಲೇ ಅಗಲಿದರು. ಅವರ ನಂತರ ಬದುಕಿ ಉಳಿದದ್ದು ಫಾತಿಮಾ(ರ) ಒಬ್ಬರೇ. ಕೊನೆಯ ಮಗ ಇಬ್ರಾಹೀಮ್ 632ರ ಜನವರಿಯಲ್ಲಿ ತೀರಿಕೊಂಡಾಗ ಮಗುವಿಗೆ ಸುಮಾರು ಒಂದೂವರೆ ವರ್ಷ. ಮಗುವನ್ನು ಎತ್ತಿಕೊಂಡಿದ್ದ ಪ್ರವಾದಿ(ಸ)ಯವರ ಕಣ್ಣುಗಳಿಂದ ನೀರು ಹರಿಯಿತು. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಯಿಂದ, ತಾವೂ ಅಳುವುದೇ ಎಂದು ಕೇಳಿದರು. ಇದು ಕರುಣೆ ಎಂದು ಪ್ರವಾದಿ(ಸ) ಉತ್ತರಿಸಿದರು. ಕಣ್ಣು ನೀರು ಸುರಿಸುತ್ತದೆ, ಹೃದಯ ನೋಯುತ್ತದೆ, ಆದರೆ ನಾಲಗೆ ದೇವನಿಗೆ ಅಪ್ರಿಯವಾದುದನ್ನು ಆಡದು ಎಂಬುದು ಅವರ ಮಾತಿನ ತಾತ್ಪರ್ಯ. ಅದೇ ದಿನ ಸೂರ್ಯಗ್ರಹಣವಾಯಿತು. ಇಬ್ರಾಹೀಮರ ಸಾವಿಗಾಗಿಯೇ ಸೂರ್ಯ ಮಂಕಾದ ಎಂದು ಜನ ಆಡಿಕೊಂಡರು. ಯಾರ ಸಾವಿಗೂ ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಆ ತಂದೆ ಅದೇ ದಿನ ಜನರಿಗೆ ತಿಳಿಹೇಳಿದರು. ಅಳುವುದಕ್ಕೆ ಅವರು ಹಿಂಜರಿಯಲಿಲ್ಲ, ಆ ಅಳುವಿನ ಸುತ್ತ ಮೂಢನಂಬಿಕೆ ಬೆಳೆಯುವುದಕ್ಕೂ ಬಿಡಲಿಲ್ಲ.

ಪ್ರವಾದಿ ಯಾಕೂಬ್(ಅ)ರ ಕಥೆಯನ್ನೂ ಈ ಗ್ರಂಥಗಳ ಓದುಗರು ಬಲ್ಲವರೇ. ಕುರ್‌ಆನ್‌ನಲ್ಲಿ ಉತ್ತಮ ಸಹನೆಗೆ ಉದಾಹರಣೆಯಾಗಿ ಬರುವ ಯಾಕೂಬ್(ಅ)ರೇ ಯೂಸುಫ್(ಅ)ರಿಗಾಗಿ ದುಃಖಿಸಿ ದುಃಖಿಸಿ ಕಣ್ಣಿನ ದೃಷ್ಟಿ ಕಳಕೊಂಡವರು. ಸಹನೆ ಮತ್ತು ಕಣ್ಣೀರು ಒಂದೇ ಎದೆಯಲ್ಲಿ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಇನ್ನೊಂದು ಪ್ರಸಂಗವಿದೆ. ಗೋರಿಯೊಂದರ ಬಳಿ ಕುಳಿತು ಅಳುತ್ತಿದ್ದ ಮಹಿಳೆಗೆ ಪ್ರವಾದಿ(ಸ) ಸಹನೆ ವಹಿಸುವಂತೆ ಹೇಳಿದರು. ಆಕೆಗೆ ಅವರು ಯಾರೆಂದು ಗೊತ್ತಾಗಲಿಲ್ಲ. ನನಗೆ ಬಂದ ಕಷ್ಟ ನಿನಗೆ ಬಂದಿಲ್ಲ, ನಿನ್ನ ಪಾಡಿಗೆ ಹೋಗು ಎಂದು ಬಿರುಸಾಗಿಯೇ ಉತ್ತರಿಸಿದಳು. ಪ್ರವಾದಿ(ಸ) ಏನೂ ಹೇಳದೆ ಹೊರಟುಹೋದರು. ಆಮೇಲೆ ವಿಷಯ ತಿಳಿದು ಆಕೆ ಅವರ ಮನೆಗೆ ಬಂದಾಗ, ಸಹನೆ ಎಂಬುದು ಮೊದಲ ಆಘಾತದ ಹೊತ್ತಿನಲ್ಲಿ ಎಂದಷ್ಟೇ ಹೇಳಿದರು. ಈ ಪ್ರಸಂಗದಿಂದ ಉಪದೇಶಕರು ಸಾಮಾನ್ಯವಾಗಿ ಕೊನೆಯ ವಾಕ್ಯವನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಆದರೆ ನಡುವಿನ ಮೌನವೂ ಅಷ್ಟೇ ದೊಡ್ಡ ಪಾಠ. ನೊಂದ ತಾಯಿಯ ಒರಟು ಮಾತಿಗೆ ಅವರು ಎದುರಾಡಲಿಲ್ಲ, ಅಲ್ಲಿ ನಿಂತು ಉಪದೇಶ ಮುಂದುವರಿಸಲೂ ಇಲ್ಲ.

ಸಾಂತ್ವನವೆಂದರೆ ಮಾತು ಮಾತ್ರವಲ್ಲ. 629ರ ಮೂತಾ ಯುದ್ಧದಲ್ಲಿ ಜಅ್‌ಫರ್(ರ) ಹುತಾತ್ಮರಾದಾಗ, ಅವರ ಮನೆಯವರಿಗೆ ಅಡುಗೆ ಮಾಡಿ ಕೊಡಿ, ಅಡುಗೆ ಮಾಡುವ ಸ್ಥಿತಿಯಲ್ಲಿ ಅವರಿಲ್ಲ ಎಂದು ಪ್ರವಾದಿ(ಸ) ಸೂಚಿಸಿದರು. ಸಾವಿನ ಮನೆಗೆ ಬಂದ ಹೆಂಗಸರೆಲ್ಲ ಮರಳಿದ ಮೇಲೆ, ತೀರಾ ಹತ್ತಿರದವರು ಮಾತ್ರ ಉಳಿದಾಗ, ಆಇಶಾ(ರ) ಬಾರ್ಲಿಯ ಗಂಜಿ ಕಾಯಿಸಿ ಬಡಿಸುತ್ತಿದ್ದರು. ತಲ್ಬೀನಾ ಎಂಬ ಆ ಗಂಜಿ ನೊಂದ ಹೃದಯಕ್ಕೆ ಹಾಯೆನಿಸುತ್ತದೆ ಎಂದು ಅವರು ಪ್ರವಾದಿ(ಸ)ಯವರಿಂದ ಕೇಳಿದ್ದರು. ಸಾವಾದ ಮನೆಯಲ್ಲಿ ಒಲೆ ಉರಿಸದೆ, ನೆರೆಹೊರೆಯವರು ಅನ್ನ ಸಾರು ತಂದುಕೊಡುವ ಕ್ರಮ ನಮ್ಮ ಊರುಗಳಲ್ಲಿ ಜಾತಿ ಧರ್ಮಗಳ ಭೇದವಿಲ್ಲದೆ ಇದೆ. ಸಾವಿನ ಮನೆಯವರೇ ಬಂದವರಿಗೆ ಔತಣ ಬಡಿಸುವುದನ್ನು ಶಾಫಿಈ ಸಹಿತ ಅನೇಕ ಕರ್ಮಶಾಸ್ತ್ರ ಪಂಡಿತರು ಇಷ್ಟಪಟ್ಟಿಲ್ಲ. ನೆರೆಯವರ ಹೊಣೆಯನ್ನು ನೊಂದವರ ತಲೆಗೆ ಹೊರಿಸಿದಂತೆ ಆಗುತ್ತದೆ ಅದು. ಇತರ ಧರ್ಮದ ನೆರೆಯವರಿಗೆ ಸಂತಾಪ ಹೇಳುವ ಬಗೆಯನ್ನೂ 13ನೆಯ ಶತಮಾನದ ಇಮಾಮ್ ನವವಿ ತಮ್ಮ 'ಅಲ್ ಅದ್ಕಾರ್' ಗ್ರಂಥದಲ್ಲಿ ವಿವರಿಸಿದ್ದಾರೆ.

ಹುಟ್ಟದ ಮಗು

ಇಷ್ಟು ಹೇಳಿದ ಮೇಲೆ, ಹೆಚ್ಚಿನವರು ಮಾತೇ ಆಡದ ಒಂದು ದುಃಖದ ಕಡೆಗೆ ಬರೋಣ. ಉಸಿರಾಡುವ ಮೊದಲೇ ಹೋದ ಮಗು. ಮೂರನೆಯ, ಐದನೆಯ, ಎಂಟನೆಯ ತಿಂಗಳಲ್ಲಿ ಕೈತಪ್ಪಿಹೋದ ಮಗು. ಅದಕ್ಕೆ ಹೆಸರಿಲ್ಲ, ಫೋಟೋ ಇಲ್ಲ, ಸಂತಾಪ ಹೇಳಲು ಬರುವ ಜನರೂ ಇಲ್ಲ.

ಮಧ್ಯಯುಗದ ಸಾಂತ್ವನ ಗ್ರಂಥಗಳು ಈ ಮಗುವನ್ನು ಹೊರಗಿಡಲಿಲ್ಲ ಎಂಬುದು ಗಮನಾರ್ಹ. ಅರಬಿಯಲ್ಲಿ ಇದಕ್ಕೆ 'ಸಿಖ್ತ್' ಎನ್ನುತ್ತಾರೆ. ಹಾಗೆ ಹೋದ ಮಗು ತನ್ನ ಹೊಕ್ಕುಳಬಳ್ಳಿಯಿಂದ ತಾಯಿಯನ್ನು ಸ್ವರ್ಗದತ್ತ ಎಳೆದೊಯ್ಯುತ್ತದೆ ಎಂಬ ಒಂದು ವರದಿ ಇಬ್ನು ಮಾಜಾರ ಹದೀಸ್ ಸಂಗ್ರಹದಲ್ಲಿದೆ. ಅದರ ವರದಿಗಾರರ ಸರಣಿ ದುರ್ಬಲ ಎಂದು ಹದೀಸ್ ತಜ್ಞರು ಹೇಳಿದ್ದಾರೆ. ಆದರೂ ಸಾಂತ್ವನ ಸಾಹಿತ್ಯ ಅದನ್ನು ಬಿಟ್ಟುಕೊಡಲಿಲ್ಲ. ತಾಯಿಗೂ ಮಗುವಿಗೂ ನಡುವೆ ಇದ್ದ ಏಕೈಕ ಸಂಬಂಧ ಆ ಬಳ್ಳಿ. ಅದು ತುಂಡಾಗಿಲ್ಲ ಎಂಬ ಚಿತ್ರ ಎಷ್ಟು ತಾಯಂದಿರ ಕರುಳನ್ನು ತಣಿಸಿರಬಹುದು!

ಬುಖಾರಿಯಲ್ಲಿರುವ ಒಂದು ಘಟನೆ ಇದಕ್ಕಿಂತ ಸ್ಪಷ್ಟವಾಗಿದೆ. ತಮಗೂ ಒಂದು ದಿನ ಮೀಸಲಿಡಬೇಕೆಂದು ಮದೀನಾದ ಮಹಿಳೆಯರು ಪ್ರವಾದಿ(ಸ)ಯವರಲ್ಲಿ ಕೇಳಿಕೊಂಡರು. ಹಾಗೆ ಸೇರಿದ ಮಹಿಳೆಯರ ಸಭೆಯಲ್ಲಿ, ಮೂವರು ಮಕ್ಕಳನ್ನು ಕಳಕೊಂಡ ತಾಯಿಗೆ ಆ ಮಕ್ಕಳು ನರಕದಿಂದ ತಡೆಯಾಗುವರು ಎಂದು ಅವರು ಹೇಳಿದರು. ಒಬ್ಬಾಕೆ ಎದ್ದು, ಇಬ್ಬರಾದರೆ ಎಂದು ಕೇಳಿದಳು. ಇಬ್ಬರಾದರೂ ಸರಿ ಎಂದರು ಪ್ರವಾದಿ(ಸ). ಆ ಸಭೆಯಲ್ಲಿ ಲೆಕ್ಕವನ್ನು ಕೆಳಗಿಳಿಸಿದವಳು ಒಬ್ಬ ಹೆಣ್ಣುಮಗಳು. ಮುಂದಿನ ಶತಮಾನಗಳ ಸಾಂತ್ವನ ಗ್ರಂಥಗಳು ಮಾಡಿದ್ದೂ ಅದನ್ನೇ. ಮೂರರಿಂದ ಎರಡಕ್ಕೆ, ಒಂದಕ್ಕೆ, ಕೊನೆಗೆ ಹುಟ್ಟದ ಮಗುವಿಗೆ ಅವು ಇಳಿದು ಬಂದುವು.

ಕರ್ಮಶಾಸ್ತ್ರವೂ ಈ ಮಗುವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಹುದೈಲ್ ಗೋತ್ರದ ಇಬ್ಬರು ಹೆಂಗಸರ ಜಗಳದಲ್ಲಿ ಒಬ್ಬಾಕೆಯ ಹೊಟ್ಟೆಗೆ ಪೆಟ್ಟು ಬಿದ್ದು ಭ್ರೂಣ ಸತ್ತಾಗ, ಅದಕ್ಕೆ ಪ್ರತ್ಯೇಕ ಪರಿಹಾರ ಕೊಡಬೇಕೆಂದು ಪ್ರವಾದಿ(ಸ) ತೀರ್ಪಿತ್ತರು. 'ಘುರ್ರಾ' ಎಂಬ ಈ ಪರಿಹಾರದ ಮೌಲ್ಯವನ್ನು ಪಂಡಿತರು ಪೂರ್ಣ ರಕ್ತಪರಿಹಾರದ ಇಪ್ಪತ್ತರಲ್ಲಿ ಒಂದು ಭಾಗ, ಅಂದರೆ ಐದು ಒಂಟೆಗಳು ಎಂದು ನಿಗದಿಪಡಿಸಿದರು. ಕೂಗದ, ಉಸಿರಾಡದ ಜೀವಕ್ಕೆ ಬೆಲೆ ಏನು ಎಂದು ಆರೋಪಿಯ ಕಡೆಯವರು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ.

ನಾಲ್ಕು ತಿಂಗಳು ತುಂಬಿದ ಮೇಲೆ ಹೋದ ಮಗುವಿಗೆ ಸ್ನಾನ ಮಾಡಿಸಿ, ಕಫನ್ ಹೊದಿಸಿ, ಹೆಸರಿಟ್ಟು, ಜನಾಝಾ ನಮಾಝ್ ಕೂಡ ಮಾಡಬೇಕು ಎಂಬುದು ಹಂಬಲಿ ಪಂಡಿತರ ಅಭಿಪ್ರಾಯ. ನಮಾಝ್ ಬೇಕಾದರೆ ಹುಟ್ಟಿದಾಗ ಜೀವದ ಲಕ್ಷಣ ಕಂಡಿರಬೇಕು ಎಂದು ಕರ್ನಾಟಕದ ಒಳನಾಡಿನಲ್ಲಿ ಹೆಚ್ಚಾಗಿ ಅನುಸರಿಸುವ ಹನಫಿ ಹಾಗೂ ಕರಾವಳಿಯಲ್ಲಿ ಪ್ರಬಲವಾಗಿರುವ ಶಾಫಿಈ ಪಂಡಿತರಲ್ಲಿ ಹೆಚ್ಚಿನವರು ಹೇಳುತ್ತಾರೆ. ಆದರೆ ರೂಪುಗೊಂಡ ಆ ದೇಹವನ್ನು ಬಟ್ಟೆಯಲ್ಲಿ ಸುತ್ತಿ ಗೌರವದಿಂದ ಮಣ್ಣು ಮಾಡಬೇಕು ಎಂಬಲ್ಲಿ ಭೇದವಿಲ್ಲ. ಇನ್ನೊಂದು ಸೂಕ್ಷ್ಮ ವಿಷಯವಿದೆ. ಅಂಗಾಂಗಗಳು ಮೂಡಿದ ಮಗುವನ್ನು ಕಳಕೊಂಡ ಮಹಿಳೆಗೆ ಬಾಣಂತಿಯ ನಿಯಮಗಳೇ ಅನ್ವಯವಾಗುತ್ತವೆ. ಅಂದರೆ ಶಾಸ್ತ್ರದ ದೃಷ್ಟಿಯಲ್ಲಿ ಆಕೆ ಹೆತ್ತವಳು. ಆಕೆಯ ತೋಳು ಬರಿದಾಗಿದ್ದರೂ ಆಕೆ ತಾಯಿ.

ಮರೆಯಬಾರದ ಇನ್ನೊಂದು ಮುಖ

ಹಾಗೆಂದು ಆ ಕಾಲವನ್ನು ಹೊಗಳಿ ಮುಗಿಸಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ನಾವು ಹೆಸರಿಸಿದ ಗ್ರಂಥಕರ್ತರೆಲ್ಲ ಗಂಡಸರು. ಒಂಬತ್ತು ತಿಂಗಳು ಹೊತ್ತವಳ ಮಾತು ಅಲ್ಲಿ ಕೇಳಿಸುವುದು ಇನ್ನೊಬ್ಬರ ಬಾಯಿಯಿಂದ. ತಾಯಂದಿರು ಎದೆ ಬಡಿದುಕೊಂಡು ಗೋಳಿಡುವುದನ್ನು ಈ ಪಂಡಿತರು ಖಂಡಿಸಿದರು. ಹಣ ಪಡೆದು ಅಳುವ ಹೆಂಗಸರ ಮೇಲೆ ಮಾರುಕಟ್ಟೆಯ ಅಧಿಕಾರಿ ಮುಹ್ತಸಿಬ್ ಕಣ್ಣಿಟ್ಟಿರುತ್ತಿದ್ದ. ಈ ಖಂಡನೆಗೆ ಧಾರ್ಮಿಕ ಕಾರಣಗಳಿದ್ದುವು. ಆದರೆ ಶೋಕಕ್ಕೆ ಸಿಗುತ್ತಿದ್ದ ಸಾರ್ವಜನಿಕ ದನಿಯೊಂದನ್ನು ಅದು ಕಿತ್ತುಕೊಂಡಿತು ಎಂಬುದೂ ನಿಜ.

1438ರ ಪ್ಲೇಗ್‌ನಲ್ಲಿ ಇದು ವಿಪರೀತಕ್ಕೆ ಹೋಯಿತು. ಜನರ ಪಾಪಗಳಿಂದಲೇ ಮಾರಿ ಬಂದಿದೆ ಎಂಬ ಮಾತು ಕೇಳಿ ಸುಲ್ತಾನ್ ಬರ್ಸ್‌ಬಾಯ್ ಕೈರೋದಲ್ಲಿ ಮಹಿಳೆಯರು ಮನೆಯಿಂದ ಹೊರಬರುವುದನ್ನೇ ನಿಷೇಧಿಸಿದ. ಹೆಣ್ಣು ಶವಗಳಿಗೆ ಸ್ನಾನ ಮಾಡಿಸುವ ಮಹಿಳೆ ಕೂಡ ಮುಹ್ತಸಿಬ್‌ನಿಂದ ಅನುಮತಿ ಚೀಟಿ ಪಡೆದು, ಅದನ್ನು ತಲೆವಸ್ತ್ರಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕಾಯಿತು. ತನ್ನ ಮಗುವಿನ ಶವದ ಹಿಂದೆ ನಾಲ್ಕು ಹೆಜ್ಜೆ ನಡೆಯುವ ಅವಕಾಶ ಕೂಡ ತಾಯಿಗೆ ಇಲ್ಲದಾಯಿತು. ಆ ಕಾಲದ ಇತಿಹಾಸಕಾರರು ಈ ಆಜ್ಞೆಯಿಂದಾದ ಕಷ್ಟಗಳನ್ನು ಮರೆಮಾಚದೆ ದಾಖಲಿಸಿದ್ದಾರೆ. ದುಃಖವನ್ನು ಪಾಪದ ಫಲವೆಂದು ನೋಡಿದಾಗ ಕರುಣೆಯ ಜಾಗವನ್ನು ಕಾವಲುಗಾರ ಹಿಡಿಯುತ್ತಾನೆ ಎಂಬುದಕ್ಕೆ ಇದು ಉದಾಹರಣೆ.

ನೂರಾರು ವರ್ಷಗಳ ನಂತರ ಈ ಗ್ರಂಥಗಳು ಬೇರೊಂದು ಚರ್ಚೆಯಲ್ಲಿ ಉಪಯೋಗಕ್ಕೆ ಬಂದುವು. 1960ರಲ್ಲಿ ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೆಸ್ ಬಾಲ್ಯದ ಇತಿಹಾಸದ ಬಗ್ಗೆ ಒಂದು ಪ್ರಭಾವಿ ಕೃತಿ ಪ್ರಕಟಿಸಿದರು. ಮಕ್ಕಳ ಸಾವು ತೀರಾ ಸಾಮಾನ್ಯವಾಗಿದ್ದ ಹಿಂದಿನ ಕಾಲದಲ್ಲಿ ತಂದೆ ತಾಯಿಯರು ಎಳೆಮಕ್ಕಳನ್ನು ಹೆಚ್ಚು ಹಚ್ಚಿಕೊಳ್ಳುತ್ತಿರಲಿಲ್ಲ ಎಂಬುದು ಅದರಿಂದ ಹಬ್ಬಿದ ಅಭಿಪ್ರಾಯ. ಅವ್ನೆರ್ ಗಿಲಾಡಿ ಎಂಬ ಇತಿಹಾಸಕಾರರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರಬಿ ಸಾಂತ್ವನ ಗ್ರಂಥಗಳನ್ನು ಮುಂದಿಟ್ಟು ಬೇರೆಯೇ ಚಿತ್ರ ತೋರಿಸಿದರು. ಹಚ್ಚಿಕೊಳ್ಳದ ತಂದೆಗೆ ಸಾಂತ್ವನದ ಪುಸ್ತಕ ಏಕೆ ಬೇಕು? ಸಹನೆಯ ಉಪದೇಶ ಅಷ್ಟು ಸಲ ಬರಬೇಕಾಯಿತೆಂದರೆ, ಸಹಿಸಲಾಗದ ದುಃಖ ಮನೆ ಮನೆಯಲ್ಲೂ ಇತ್ತು ಎಂದೇ ಅರ್ಥ. ಎಷ್ಟು ಮಕ್ಕಳು ಸತ್ತರೂ ಸಾವು ಯಾರಿಗೂ ರೂಢಿಯಾಗಲಿಲ್ಲ.

ಇಂದಿನ ಮಾತು

ಪ್ಲೇಗ್‌ನ ಕಾಲ ಹೋಯಿತು. ಆದರೆ ಈ ದುಃಖ ಹೋಗಿಲ್ಲ. ಗೊತ್ತಾದ ಗರ್ಭಗಳಲ್ಲಿ ಸುಮಾರು ಏಳರಲ್ಲಿ ಒಂದು ಗರ್ಭಪಾತದಲ್ಲಿ ಕೊನೆಗೊಳ್ಳುತ್ತದೆ ಎಂದು ವೈದ್ಯಕೀಯ ಅಂದಾಜು. 2021ರಲ್ಲಿ ಜಗತ್ತಿನಾದ್ಯಂತ 28 ವಾರ ತುಂಬಿದ ಮೇಲೆ ಜೀವವಿಲ್ಲದೆ ಹುಟ್ಟಿದ ಮಕ್ಕಳ ಸಂಖ್ಯೆ ಸುಮಾರು 19 ಲಕ್ಷ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಅಂದಾಜಿಸಿವೆ. ಅಂದರೆ ನಮ್ಮ ಪ್ರತಿಯೊಂದು ಬೀದಿಯಲ್ಲೂ, ಪ್ರತಿಯೊಂದು ಕುಟುಂಬದಲ್ಲೂ ಇಂತಹ ತಾಯಿ ಇದ್ದಾಳೆ. ನಮಗೆ ಗೊತ್ತಿಲ್ಲವೆಂದರೆ ಆಕೆ ಹೇಳಿಲ್ಲ ಎಂದಷ್ಟೇ ಅರ್ಥ.

ಆಕೆ ಹೇಳದಿರುವುದಕ್ಕೆ ಕಾರಣ ನಾವು ಆಡುವ ಮಾತುಗಳು. ಇನ್ನೊಂದು ಆಗುತ್ತದೆ ಬಿಡು ಎನ್ನುತ್ತೇವೆ. ಹುಟ್ಟಿ ಹೋಗಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಎನ್ನುತ್ತೇವೆ. ಭಾರ ಎತ್ತಿದೆಯಾ, ಸಂಜೆ ಹೊರಗೆ ಹೋಗಿದ್ದೆಯಾ, ಯಾರ ದೃಷ್ಟಿ ಬಿತ್ತು ಎಂದು ವಿಚಾರಣೆ ನಡೆಸುತ್ತೇವೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿನ ದೋಷವೇ ಕಾರಣ. ತಾಯಿ ಮಾಡಿದ ಯಾವ ಕೆಲಸದಿಂದಲೂ ಅದು ಆದದ್ದಲ್ಲ. ಇಬ್ರಾಹೀಮರ ಸಾವಿಗೂ ಗ್ರಹಣಕ್ಕೂ ಗಂಟುಹಾಕಬೇಡಿ ಎಂದ ಪ್ರವಾದಿ(ಸ)ಯವರ ಅನುಯಾಯಿಗಳು, ಗರ್ಭಿಣಿ ಗ್ರಹಣದ ಹೊತ್ತಿಗೆ ಹೊರಬಂದದ್ದೇ ಕಾರಣ ಎಂದು ಒಬ್ಬ ತಾಯಿಯ ಮೇಲೆ ಆರೋಪ ಹೊರಿಸುವುದಾದರೆ ಏನು ಹೇಳೋಣ?

ತಂದೆಯನ್ನೂ ನಾವು ಮರೆಯುತ್ತೇವೆ. ನೀನು ಧೈರ್ಯವಾಗಿರು, ಅವಳನ್ನು ನೋಡಿಕೋ ಎಂದು ಅವನಿಗೆ ಹೇಳುತ್ತೇವೆ. ಅವನಿಗೆ ಏನಾಗಿದೆ ಎಂದು ಕೇಳುವವರಿಲ್ಲ. ಇಬ್ನು ಅಬೀ ಹಜಲಾರಂತಹ ತಂದೆಯಂದಿರು ಆರು ಶತಮಾನಗಳ ಹಿಂದೆ ತಮ್ಮ ಅಳುವನ್ನು ಪುಸ್ತಕ ಮಾಡಿದ್ದರು ಎಂಬುದನ್ನು ಅವನಿಗೆ ಯಾರಾದರೂ ಹೇಳಬೇಕು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಗರ್ಭಪಾತವಾದ ಮಹಿಳಾ ನೌಕರರಿಗೆ ಆರು ವಾರಗಳ ವೇತನ ಸಹಿತ ರಜೆ ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಬೀಡಿ ಕಟ್ಟುವ, ಮನೆಗೆಲಸ ಮಾಡುವ, ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಈ ವಿಷಯ ಗೊತ್ತು? ಗೊತ್ತಿದ್ದರೂ ಅದು ಎಷ್ಟು ಮಂದಿಯ ಕೈಗೆ ಎಟಕುತ್ತದೆ? ಮಹಲ್ಲಾದ ಜಮಾಅತ್‌ಗಳು, ಮಹಿಳಾ ಮಂಡಳಿಗಳು ಕೈಹಾಕಬಹುದಾದ ಕೆಲಸ ಇದು.

ಸಾಂತ್ವನ ಹೇಳುವುದಕ್ಕೆ ಅರಬಿಯಲ್ಲಿ 'ತಅ್‌ಝಿಯಾ' ಎನ್ನುತ್ತಾರೆ. ತಾಳಿಕೊಳ್ಳುವ ಶಕ್ತಿ ಕೊಡುವುದು ಎಂಬುದು ಅದರ ಮೂಲಾರ್ಥ. ಆ ಶಕ್ತಿ ಬರುವುದು ದೊಡ್ಡ ಮಾತುಗಳಿಂದಲ್ಲ. ಮಗು ತಿಂಗಳು ತುಂಬದೆ ಹೋಗಿದೆ ಎಂದು ಗೊತ್ತಾದಾಗ ಆ ಮನೆಗೆ ಹೋಗಬಹುದು. ಒಂದು ಪಾತ್ರೆ ಗಂಜಿ ಒಯ್ಯಬಹುದು. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರು ಹಿಡಿದು ಮಾತಾಡಬಹುದು. ಆಕೆ ಸಿಟ್ಟಿನಿಂದ ಏನಾದರೂ ಅಂದರೆ ಸುಮ್ಮನೆ ಕೇಳಿಸಿಕೊಂಡು ಬರಬಹುದು. ಮೂರು ದಿನಗಳ ನಂತರ, ಬಂದವರೆಲ್ಲ ಹೋದ ಮೇಲೆ, ಇನ್ನೊಮ್ಮೆ ಹೋಗಬಹುದು.